ಎಫ್ ಹಾಕಿದರೂ ಅಷ್ಟೇ, ಪಿ ಹಾಕಿದರೂ ಅಷ್ಟೇ: ಕಂಪ್ಯೂಟರಿಗೆ ಜೋರು-ಮೆತ್ತಗೆ ಕಲಿಸೋದು ಹೆಂಗೆ?

ಈ ಸಲ ರಾಜಕೀಯ ಇಲ್ಲ, ಷೇರು ಪೇಟೆ ಇಲ್ಲ. ಒಬ್ಬ ಕೇಳುಗರು ಕಳಿಸಿದ ಒಂದು ಸಣ್ಣ ಪ್ರಶ್ನೆ ಇದೆ. ಸಣ್ಣದು ಅಂದುಕೊಂಡು ಉತ್ತರ ಹುಡುಕಲಿಕ್ಕೆ ಕೂತರೆ ಮೂರು ವಾರ ಹಿಡೀತು. ಅದಕ್ಕೇ ಇವತ್ತಿನ ಪೂರ್ತಿ ಸಂಚಿಕೆ ಅದಕ್ಕೇ ಮೀಸಲು.

ಪ್ರಶ್ನೆ ಕಳಿಸಿದವರು ಹಾನಗಲ್ ತಾಲ್ಲೂಕಿನ ಆಡೂರು ಕಡೆಯ ಒಬ್ಬ ಮಾಸ್ತರ್ರು. ಶಾಲೆಯಲ್ಲಿ ಕಲಿಸೋದು ಗಣಿತ, ಸಂಜೆ ನುಡಿಸೋದು ಹಾರ್ಮೋನಿಯಂ. ಶಾಲೆಯಲ್ಲಿ ಸಂಗೀತ ಶಿಕ್ಷಕರ ಹುದ್ದೆ ಇಲ್ಲ. ಹಂಗಾಗಿ ಇವರೇ ಮ್ಯೂಸ್‌ಸ್ಕೋರ್ ಅನ್ನೋ ಉಚಿತ ತಂತ್ರಾಂಶ ಇಳಿಸಿಕೊಂಡು, ಬಿಳಿ ಒಂದನ್ನು ಷಡ್ಜ ಮಾಡಿಕೊಂಡು, ನಾಡಗೀತೆಯ ಸ್ವರಗಳನ್ನು ಒಂದೊಂದಾಗಿ ಹಾಕಿದ್ದಾರೆ. ಅದನ್ನು ಆಡಿಯೊ ಮಾಡಿ ಬ್ಲೂಟೂತ್ ಸ್ಪೀಕರಿನಲ್ಲಿ ಹಾಕಿದರೆ ಮಕ್ಕಳು ಅದರ ಜೊತೆ ಹಾಡ್ತಾರೆ.

ಅವರ ಧ್ವನಿ ಸಂದೇಶದ ಮಾತು ಇಷ್ಟು: "ತಮ್ಮಾ, ಸ್ವರ ಬರೋಬ್ಬರಿ ಐತಿ, ತಾಳ ಬರೋಬ್ಬರಿ ಐತಿ. ಆದ್ರ ಎಲ್ಲಾ ಒಂದ ಸಮ ಬಡದಂಗ ಕೇಳತೈತಿ. ಯೂಟ್ಯೂಬಿನಾಗ ನೋಡಿ ಎಫ್ ಹಾಕಿದ್ನಿ, ಪಿ ಹಾಕಿದ್ನಿ. ಎಫ್ ಹಾಕಿದ್ರೂ ಅಷ್ಟ, ಪಿ ಹಾಕಿದ್ರೂ ಅಷ್ಟ. ಈಗ ಹುಡುಗೂರೂ ಮೊದಲನೇ ಸಾಲಿನಿಂದ ಕಡೀ ಸಾಲಿನ ತನಕ ಒಂದ ಸಮ ಒದರಾಕತ್ತಾರ. ಮೆತ್ತಗ ಹಾಡೋ ಎರಡು ಹುಡುಗೇರು ನಮ್ಮ ದನಿ ಕೇಳಂಗಿಲ್ಲರೀ ಅಂತ ಹಿಂದಕ ಹೋಗಿ ನಿಂತಾವು. ಇದಕ್ಕೇನರ ದಾರಿ ಐತೇನು?"

ಈ ಕೊನೆಯ ಮಾತು ನನಗೆ ನಾಟಿತು. ಯಂತ್ರದೊಳಗಿನ ಒಂದು ಸಣ್ಣ ಅಂಕಿ, ಮೈದಾನದಲ್ಲಿ ನಿಂತ ಎರಡು ಹುಡುಗಿಯರನ್ನು ಹಿಂದಿನ ಸಾಲಿಗೆ ಕಳಿಸಿದೆ. ಹಾಗಾದರೆ ಆ ಅಂಕಿ ಏನು ಅಂತ ನೋಡೋಣ.

ಮೊದಲು ಒಂದು ಪದದ ತಕರಾರು

ಇಂಗ್ಲಿಷಿನಲ್ಲಿ ಇದಕ್ಕೆ ಡೈನಾಮಿಕ್ಸ್ ಅಂತಾರೆ. ಕನ್ನಡದಲ್ಲಿ 'ದನಿಯ ಏರಿಳಿತ' ಅಂದುಬಿಡ್ತೀವಿ. ಆದರೆ ಅಲ್ಲೊಂದು ತೊಡಕು ಇದೆ. ನಮ್ಮಲ್ಲಿ 'ದನಿ ಏರಿಸು' ಅಂದರೆ ಎರಡು ಅರ್ಥ: ಮೇಲಿನ ಸ್ವರಕ್ಕೆ ಹೋಗು ಅಂತಲೂ ಆಗ್ತದೆ, ಜೋರಾಗಿ ಹೇಳು ಅಂತಲೂ ಆಗ್ತದೆ. ಮಕ್ಕಳಿಗೆ 'ದನಿ ಏರಿಸ್ರೋ' ಅಂದು ನೋಡಿ, ಅರ್ಧ ಮಕ್ಕಳು ಶ್ರುತಿ ಬಿಟ್ಟು ಮೇಲೆ ಹೋಗ್ತಾರೆ. ಅದಕ್ಕೇ ಇವತ್ತು ನಾನು 'ಜೋರು' ಮತ್ತು 'ಮೆತ್ತಗೆ' ಅನ್ನೋ ಎರಡೇ ಪದ ಬಳಸ್ತೀನಿ.

ಎಫ್ ಅಂದರೆ ಇಟಾಲಿಯನ್ ಭಾಷೆಯ ಫೋರ್ಟೆ, ಜೋರು. ಪಿ ಅಂದರೆ ಪಿಯಾನೊ, ಮೆತ್ತಗೆ. ನಡುವೆ ಎಂ ಸೇರಿದರೆ ಮೆಝೊ, ಅಂದರೆ ಸಾಧಾರಣ. ಎಂಎಫ್ ಅಂದರೆ ಸಾಧಾರಣ ಜೋರು, ಎಂಪಿ ಅಂದರೆ ಸಾಧಾರಣ ಮೆತ್ತಗೆ. ಅಕ್ಷರ ದುಪ್ಪಟ್ಟಾದರೆ ಅರ್ಥಕ್ಕೂ ಇನ್ನಷ್ಟು ಬಲ. ವೆನಿಸ್‌ನ ಜೊವಾನ್ನಿ ಗಾಬ್ರಿಯೆಲಿ 1597ರಲ್ಲಿ ಅಚ್ಚು ಹಾಕಿಸಿದ ಒಂದು ವಾದ್ಯಕೃತಿಯಲ್ಲಿ ಎಲ್ಲಿ ಜೋರು, ಎಲ್ಲಿ ಮೆತ್ತಗೆ ಅಂತ ಬರೆಸಿದ್ದ. ಇಂಥ ಗುರುತು ಅಚ್ಚಾದ ಬಹಳ ಹಳೆಯ ಉದಾಹರಣೆಗಳಲ್ಲಿ ಅದೂ ಒಂದು. ನಾವು ಪಿಯಾನೊ ಅಂತ ಕರೆಯೋ ವಾದ್ಯದ ಹೆಸರೇ 'ಮೆತ್ತಗೆ ಮತ್ತು ಜೋರು' ಅನ್ನೋ ಮಾತಿನ ತುಂಡು. ಕೀಲಿಯನ್ನು ಎಷ್ಟು ಬಲವಾಗಿ ಒತ್ತಿದರೆ ಅಷ್ಟು ಜೋರು ಬರ್ತದೆ, ಅದೇ ಆ ವಾದ್ಯದ ಹೊಸತನ ಆಗಿತ್ತು.

ಈಗ ನಮ್ಮ ಕಡೆ ಬನ್ನಿ. ಭಾತಖಂಡೆ ಅವರ ಸ್ವರಲಿಪಿ ನೋಡಿದವರಿಗೆ ಗೊತ್ತು: ಕೋಮಲ ಸ್ವರಕ್ಕೆ ಕೆಳಗೆ ಗೆರೆ, ತೀವ್ರ ಮಧ್ಯಮಕ್ಕೆ ಮೇಲೆ ನಿಂತ ಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕಿ, ತಾರಕ್ಕೆ ಮೇಲೆ ಚುಕ್ಕಿ, ಮೀಂಡಿಗೆ ಕಮಾನು, ಸಮಕ್ಕೆ ಒಂದು ಗುಣಾಕಾರದ ಚಿಹ್ನೆ. ಜೋರು-ಮೆತ್ತಗೆಗೆ? ಚಿಹ್ನೆ ಇಲ್ಲ. ಅದು ಕೊರತೆ ಅಂತ ನಾನು ಹೇಳೋದಿಲ್ಲ. ಆ ಪಾಠ ಕಾಗದದಲ್ಲಿ ಇರಲಿಲ್ಲ, ಗುರುವಿನ ಎದುರು ಕೂತವನ ಕಿವಿಯಲ್ಲಿ ಇತ್ತು. ಕಾಗದ ನೆನಪಿಗೆ ಮಾತ್ರ.

ತೊಂದರೆ ಶುರುವಾಗೋದು ಎಲ್ಲಿ ಅಂದ್ರೆ, ಗುರು ಇಲ್ಲದ ಊರಿನಲ್ಲಿ ಕಾಗದವೇ ಹಾಡಲಿಕ್ಕೆ ನಿಂತಾಗ.

ಯಂತ್ರಕ್ಕೆ ಗೊತ್ತಿರೋದು 127ರ ತನಕದ ಲೆಕ್ಕ

ಕಂಪ್ಯೂಟರು ಸ್ವರ ನುಡಿಸೋ ವಿಧಾನಕ್ಕೆ ಮಿಡಿ ಅಂತ ಒಂದು ಒಪ್ಪಿತ ಭಾಷೆ ಇದೆ. 1983ರಿಂದ ಬಳಕೆಯಲ್ಲಿದೆ. ಅದರಲ್ಲಿ ಪ್ರತಿ ಸ್ವರದ ಜೊತೆ ಒಂದು ಅಂಕಿ ಹೋಗ್ತದೆ, ಅದರ ಹೆಸರು ವೆಲಾಸಿಟಿ. ಅಂದರೆ ಕೀಲಿಯನ್ನು ಎಷ್ಟು ವೇಗವಾಗಿ ಒತ್ತಿದರು ಅನ್ನೋದರ ಅಳತೆ. 1ರಿಂದ 127ರ ತನಕ. ಸೊನ್ನೆ ಬಂದರೆ ಸ್ವರ ನಿಲ್ಲಿಸು ಅಂತ ಅರ್ಥ.

ನೀವು ಹಾಳೆಯ ಮೇಲೆ ಎಫ್ ಹಾಕಿದಾಗ ತಂತ್ರಾಂಶ ಮಾಡೋದು ಇಷ್ಟೇ: ಅಲ್ಲಿಂದ ಮುಂದಿನ ಸ್ವರಗಳಿಗೆ ಒಂದು ಅಂಕಿ ಹಚ್ತದೆ. ಮ್ಯೂಸ್‌ಸ್ಕೋರ್‌ನಲ್ಲಿ ಬಹಳ ಕಾಲದಿಂದ ಇರುವ ಅಂಕಿಗಳನ್ನು ಹೇಳ್ತೀನಿ, ಬೇಕಾದವರು ಬರಕೊಳ್ರಿ. ಪಿಪಿ 33. ಪಿ 49. ಎಂಪಿ 64. ಎಂಎಫ್ 80. ಎಫ್ 96. ಎಫ್‌ಎಫ್ 112. ಬೇರೆ ತಂತ್ರಾಂಶಗಳಲ್ಲಿ ಅಂಕಿ ಬೇರೆ ಇರ್ತವೆ, ಆದರೆ ಮೆಟ್ಟಿಲಿನ ಲೆಕ್ಕ ಇದೇ ಥರ.

ಯಾವ ಗುರುತೂ ಹಾಕದೇ ಬಿಟ್ಟರೆ ಏನು? ಆಗ ಅಂಕಿ 80. ಅಂದರೆ ಎಂಎಫ್. ಸಾಧಾರಣ ಜೋರು. ಹಾಗಾಗಿ ಖಾಲಿ ಹಾಳೆ ಅಂದರೆ ಮೌನದ ಹಾಳೆ ಅಲ್ಲ, ಅದು ಆಗಲೇ ಮೇಲಿನ ಮೆಟ್ಟಿಲಲ್ಲಿ ನಿಂತಿದೆ.

ನಾನು ಬಿ.ಕಾಂ. ಓದಿದವನು, ಅಂಕಿ ಕಂಡರೆ ಲೆಕ್ಕ ಹಾಕದೇ ಬಿಡೋದಿಲ್ಲ. ಈ 80, 96 ಅನ್ನೋದು ಡೆಸಿಬಲ್ ಅಲ್ಲ. ಸಾಮಾನ್ಯ ಸೌಂಡ್‌ಫಾಂಟ್‌ಗಳಲ್ಲಿ ವೆಲಾಸಿಟಿಯನ್ನು ಶಬ್ದದ ಮಟ್ಟಕ್ಕೆ ತಿರುಗಿಸಲಿಕ್ಕೆ ಒಂದು ಸೂತ್ರ ಇದೆ: ಅಂಕಿಯನ್ನು 127ರಿಂದ ಭಾಗಿಸಿ, ಅದರ ಲಾಗರಿದಮ್ ತೆಗೆದು, 40ರಿಂದ ಗುಣಿಸಬೇಕು. ಆ ಸೂತ್ರಕ್ಕೆ ನಮ್ಮ ಅಂಕಿ ಹಾಕಿ ನೋಡಿ.

127ನ್ನು ಪೂರ್ತಿ ಜೋರು ಅಂತ ಇಟ್ಟುಕೊಂಡರೆ, ಎಂಎಫ್ ಅದಕ್ಕಿಂತ 8 ಡೆಸಿಬಲ್ ಕೆಳಗೆ. ಎಫ್ ಸುಮಾರು 5 ಡೆಸಿಬಲ್ ಕೆಳಗೆ. ಎಫ್‌ಎಫ್ ಸುಮಾರು 2 ಡೆಸಿಬಲ್ ಕೆಳಗೆ. ಪಿ ಮಾತ್ರ ಸುಮಾರು ಹದಿನಾರೂವರೆ ಡೆಸಿಬಲ್ ಕೆಳಗೆ.

ಇದರ ಅರ್ಥ ನೋಡ್ರಿ. ಗುರುತಿಲ್ಲದ ಹಾಡಿಗೆ ನಡುವೆ ಒಂದು ಎಫ್ ಹಾಕಿದರೆ ಸಿಗೋದು ಬರೀ 3 ಡೆಸಿಬಲ್. ನಮ್ಮ ಕಿವಿಗೆ ಶಬ್ದ ಎರಡು ಪಟ್ಟು ಆಯ್ತು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು. 3 ಡೆಸಿಬಲ್ ಅಂದರೆ ಕಿವಿಗೊಟ್ಟು ಕೇಳಿದರೆ ಗೊತ್ತಾಗುವಷ್ಟು. ಮೊಬೈಲಿನ ಸ್ಪೀಕರಿನಲ್ಲಿ, ಗಾಳಿ ಬೀಸೋ ಮೈದಾನದಲ್ಲಿ ಅದು ಎಲ್ಲಿ ಕೇಳಬೇಕು? ಅದೇ ಎಂಎಫ್‌ನಿಂದ ಪಿಗೆ ಇಳಿದರೆ ಎಂಟೂವರೆ ಡೆಸಿಬಲ್. ಇದು ಯಾರಿಗಾದರೂ ಗೊತ್ತಾಗ್ತದೆ.

(ಇಲ್ಲಿ ಎರಡು ತುಣುಕು ಕೇಳಿಸಲಾಗಿದೆ. ಮೊದಲನೆಯದು ಗುರುತಿಲ್ಲದ ಎಂಟು ಸ್ವರ, ನಂತರ ಅವೇ ಸ್ವರ ಎಫ್‌ನಲ್ಲಿ. ಎರಡನೆಯದು ಮೊದಲು ಪಿ, ನಂತರ ಎಫ್.)

ಕೇಳಿದ್ರಲ್ಲ? ಮೊದಲನೆಯ ತುಣುಕಿನಲ್ಲಿ ಏನಾಯ್ತು ಅಂತ ಇನ್ನೊಮ್ಮೆ ಕೇಳಬೇಕು ಅನ್ನಿಸ್ತದೆ. ಎರಡನೆಯದರಲ್ಲಿ ಪಿಯಿಂದ ಎಫ್‌ಗೆ ಹನ್ನೊಂದೂವರೆ ಡೆಸಿಬಲ್ ಜಿಗಿತ ಇದೆ, ಕೇಳೋದೇ ಬೇಡ, ತಾನಾಗಿಯೇ ಗೊತ್ತಾಗ್ತದೆ.

ಅಂದಮೇಲೆ ಮೊದಲನೆಯ ಸೂತ್ರ ಇದು: ಯಂತ್ರದಲ್ಲಿ ಒಂದು ಸಾಲು ಜೋರಾಗಿ ಕೇಳಬೇಕಾದರೆ ಅದರ ಹಿಂದಿನ ಸಾಲನ್ನು ಮೆತ್ತಗೆ ಮಾಡಬೇಕು. ಮೇಲೆ ಜಾಗ ಇಲ್ಲ, ಕೆಳಗೆ ಬೇಕಾದಷ್ಟಿದೆ. ಬ್ಯಾಂಕಿನಲ್ಲಿ ಸಾಲ ಆಗಲೇ ಮಿತಿ ಮುಟ್ಟಿದ್ದರೆ ಇನ್ನಷ್ಟು ಕೇಳಿ ಪ್ರಯೋಜನ ಇಲ್ಲ, ಖರ್ಚು ಕಡಿಮೆ ಮಾಡಬೇಕು. ಹಂಗೇ ಇದು.

ಬರೆದ ಎಫ್ ಬೇರೆ, ಯಂತ್ರ ಓದುವ ಎಫ್ ಬೇರೆ

ಮಾಸ್ತರ್ರ ಕಡತವನ್ನು ಅವರ ಒಪ್ಪಿಗೆ ಮೇಲೆ ತರಿಸಿಕೊಂಡು ತೆರೆದೆ. ಮೂರು ವಿಷಯ ಕಂಡವು. ಮೂರೂ ಈ ತಂತ್ರಾಂಶ ಬಳಸೋ ಯಾರಿಗಾದರೂ ಎದುರಾಗುವಂಥವು, ಅದಕ್ಕೇ ಹೇಳ್ತೀನಿ.

ಒಂದು, ಕೆಲವು ಕಡೆ ಎಫ್ ಅನ್ನೋದು ಮಾಮೂಲಿ ಪಠ್ಯವಾಗಿ ಟೈಪ್ ಆಗಿತ್ತು. ಕಣ್ಣಿಗೆ ಎಫ್ ಕಾಣ್ತದೆ, ಯಂತ್ರಕ್ಕೆ ಅದು ಒಂದು ಅಕ್ಷರ ಮಾತ್ರ. ಅಂಗಡಿ ಬೋರ್ಡಿನ ಮೇಲೆ 'ರಿಯಾಯಿತಿ' ಅಂತ ಬರೆದು ಬಿಲ್ಲಿನಲ್ಲಿ ಪೂರ್ತಿ ದರ ಹಾಕಿದಂಗೆ. ಗುರುತನ್ನು ಪಲೆಟ್‌ನಲ್ಲಿರುವ ಡೈನಾಮಿಕ್ಸ್ ಗುಂಪಿನಿಂದ ತೆಗೆದು ಹಾಕಿದರೆ ಯಂತ್ರ ಅದನ್ನು ಓದ್ತದೆ. ಸಿಬೆಲಿಯಸ್‌ನಂಥ ಬೇರೆ ತಂತ್ರಾಂಶಗಳಲ್ಲಿ ಟೈಪ್ ಮಾಡಬಹುದು, ಆದರೆ ಅದಕ್ಕೂ ಎಕ್ಸ್‌ಪ್ರೆಶನ್ ಅನ್ನೋ ಬೇರೆ ಪಠ್ಯಶೈಲಿಯಲ್ಲೇ ಟೈಪ್ ಮಾಡಬೇಕು.

ಎರಡು, ಗುರುತು ಹಾಕಿದ್ದು ಒಂದು ವಾದ್ಯಕ್ಕೆ, ಬದಲಾಗಬೇಕು ಅಂತ ಬಯಸಿದ್ದು ಎಲ್ಲಕ್ಕೂ. ಹಾಡಿನ ಸಾಲಿಗೆ ಪಿ ಹಾಕಿದರು, ಕೆಳಗಿನ ತಾಳವಾದ್ಯ 80ರಲ್ಲೇ ಬಡೀತಾ ಇತ್ತು. ಹಾಡು ಮೆತ್ತಗಾಗಿ ಬಡಿತದ ಕೆಳಗೆ ಮುಚ್ಚಿಹೋಯ್ತು. ಆ ಗುರುತಿನ ಮೇಲೆ ಕ್ಲಿಕ್ ಮಾಡಿದರೆ ಅದರ ವ್ಯಾಪ್ತಿ ಎಷ್ಟು ಅಂತ ಕೇಳೋ ಜಾಗ ಇರ್ತದೆ: ಒಂದೇ ಸಾಲಿಗೋ, ಇಡೀ ವಾದ್ಯಕ್ಕೋ, ಎಲ್ಲಾ ವಾದ್ಯಗಳಿಗೋ ಅಂತ. ಆವೃತ್ತಿ ಬದಲಾದಂತೆ ಆ ಆಯ್ಕೆಯ ಜಾಗ ಬದಲಾಗ್ತದೆ. ಸಿಗದಿದ್ದರೆ ಸರಳ ದಾರಿ, ಪ್ರತಿ ವಾದ್ಯಕ್ಕೂ ಬೇರೆ ಬೇರೆ ಗುರುತು ಹಾಕೋದು. ಕೆಲಸ ಜಾಸ್ತಿ, ಗೊಂದಲ ಕಡಿಮೆ.

ಮೂರು, ಮಿಕ್ಸರ್. ಹಾಡು ಕೇಳ್ತಿಲ್ಲ ಅಂತ ಮಿಕ್ಸರಿನಲ್ಲಿ ಗುಂಡಿ ಮೇಲೆ ಎಳೆದಿದ್ದರು. ಅದು ಇಡೀ ಹಾಡಿಗೆ ಒಂದೇ ಸಲ ಜೋರು ಕೂಡಿಸ್ತದೆ. ಮೆತ್ತಗಿನ ಜಾಗವೂ ಏರ್ತದೆ, ಜೋರಿನ ಜಾಗವೂ ಏರ್ತದೆ, ನಡುವಿನ ಅಂತರ ಹಾಗೇ ಇರ್ತದೆ. ಮಿಕ್ಸರ್ ಇರೋದು ವಾದ್ಯ ವಾದ್ಯದ ನಡುವೆ ಸಮತೋಲ ಮಾಡಲಿಕ್ಕೆ. ಸಾಲು ಸಾಲಿನ ನಡುವಿನ ಅಂತರ ಮಾಡಲಿಕ್ಕೆ ಗುರುತೇ ಬೇಕು.

ನಿಂತ ಸ್ವರ ಬೆಳೆಯೋದು ಹೆಂಗೆ?

ಇನ್ನೊಂದು ಗುರುತು ಇದೆ. ಬಾಯಿ ತೆರೆದ ಎರಡು ಗೆರೆ. ಎಡದಿಂದ ಬಲಕ್ಕೆ ಅಗಲ ಆದರೆ ನಿಧಾನವಾಗಿ ಜೋರು ಮಾಡು ಅಂತ, ಸಣ್ಣ ಆದರೆ ನಿಧಾನವಾಗಿ ಇಳಿಸು ಅಂತ. ಹೇರ್‌ಪಿನ್ ಅಂತಾರೆ, ತಲೆಗೆ ಸಿಕ್ಕಿಸೋ ಪಿನ್ನಿನ ಥರ ಇರೋದಕ್ಕೆ.

ಅದಕ್ಕೆ ಒಂದು ಕಿವಿಮಾತು: ಶುರುವಿಗೊಂದು ಗುರುತು, ಮುಗಿಯೋ ಕಡೆ ಒಂದು ಗುರುತು, ಎರಡೂ ಹಾಕಿ. ಪಿ ಹಾಕಿ, ಹೇರ್‌ಪಿನ್ ಎಳೆದು, ಕೊನೆಗೆ ಎಫ್. ಎಲ್ಲಿಂದ ಎಲ್ಲಿಗೆ ಅಂತ ಗೊತ್ತಾದರೆ ಯಂತ್ರ ನಡುವಿನ ಮೆಟ್ಟಿಲನ್ನು ತಾನೇ ಕಟ್ಟಿಕೊಳ್ತದೆ.

ಆದರೆ ಒಂದೇ ಸ್ವರ ನಾಲ್ಕು ಮಾತ್ರೆ ನಿಂತಿದೆ, ಅದರ ಒಳಗೇ ದನಿ ಬೆಳೀಬೇಕು, ಆಗ? ಇಲ್ಲಿ ವೆಲಾಸಿಟಿ ಕೈಕೊಡ್ತದೆ. ಯಾಕಂದ್ರೆ ಅದು ಸ್ವರ ಶುರುವಾದಾಗ ಒಮ್ಮೆ ಮಾತ್ರ ಹೋಗೋ ಅಂಕಿ. ಖಾತೆಯ ಆರಂಭಿಕ ಶಿಲ್ಕು ಇದ್ದಂಗೆ, ಬರೆದಾದ ಮೇಲೆ ಅದು ಬದಲಾಗೋದಿಲ್ಲ. ಪಿಯಾನೊಕ್ಕೆ ಇದು ಸರಿ, ತಂತಿಗೆ ಪೆಟ್ಟು ಬಿದ್ದ ಮೇಲೆ ನುಡಿಸುವವನ ಕೈಯಲ್ಲಿ ಏನೂ ಇಲ್ಲ. ತಬಲಾಕ್ಕೂ ಹೆಚ್ಚುಕಡಿಮೆ ಸರಿ. ಆದರೆ ಕೊಳಲು, ಪಿಟೀಲು, ಶಹನಾಯಿ, ಮನುಷ್ಯನ ಕಂಠ? ಅಲ್ಲಿ ಉಸಿರು, ಕಮಾನು ನಡೆದೇ ಇರ್ತದೆ. ಅದಕ್ಕೆ ದಿನದಿನದ ಶಿಲ್ಕು ಬರೆಯೋ ಬೇರೆ ಕಾಲಂ ಬೇಕು. ಮಿಡಿಯಲ್ಲಿ ಅದಕ್ಕೆ ಕಂಟ್ರೋಲರ್ ಸಂದೇಶ ಅಂತಾರೆ. ಎಕ್ಸ್‌ಪ್ರೆಶನ್‌ಗೆ 11ನೇ ನಂಬರು, ಉಸಿರಿಗೆ 2ನೇ ನಂಬರು, ಹೀಗೆ. ಮ್ಯೂಸ್‌ಸ್ಕೋರ್‌ನಲ್ಲಿ ಒಂದೇ ಸ್ವರದೊಳಗೆ ದನಿ ಬೆಳೆಸೋ ಸೌಲಭ್ಯ ಬಂದಿದ್ದು 2019ರ 3.1 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯದು ನಿಮ್ಮ ಕಂಪ್ಯೂಟರಿನಲ್ಲಿದ್ದರೆ ಹೇರ್‌ಪಿನ್ ಎಷ್ಟು ಎಳೆದರೂ ನಿಂತ ಸ್ವರ ಬೆಳೆಯೋದಿಲ್ಲ. ಹೊಸದು ಹಾಕಿಸಿಕೊಳ್ಳಿ, ಉಚಿತವೇ ಇದೆ.

ಹಾರ್ಮೋನಿಯಂನದೇ ಒಂದು ಕತೆ. ಅದರ ಕೀಲಿಯನ್ನು ಮೆಲ್ಲಗೆ ಒತ್ತಿ, ಗುದ್ದಿ, ಶಬ್ದ ಒಂದೇ. ಜೋರು-ಮೆತ್ತಗೆ ಇರೋದು ಎಡಗೈಯ ಭಾತೆಯಲ್ಲಿ, ಗಾಳಿ ಹಾಕೋ ಕೈಯಲ್ಲಿ. ಅಂದಮೇಲೆ ಯಂತ್ರದ ಹಾರ್ಮೋನಿಯಂಗೆ ಕೀಲಿಯ ವೇಗದ ಅಂಕಿ ಕೊಟ್ಟರೆ ಅದು ವಾದ್ಯದ ಸ್ವಭಾವಕ್ಕೇ ವಿರುದ್ಧ. 1991ರ ಜನರಲ್ ಮಿಡಿ ಪಟ್ಟಿಯ 128 ವಾದ್ಯಗಳಲ್ಲಿ ಸಿತಾರ್ ಇದೆ, 105ನೇದು. ಶಹನಾಯಿ ಇದೆ, 112ನೇದು. ತಬಲಾ ಇಲ್ಲ. ಹಾರ್ಮೋನಿಯಂ ಅನ್ನೋ ಹೆಸರಿಲ್ಲ, ಹತ್ತಿರದ್ದು ಅಂದರೆ 21ನೆಯ ರೀಡ್ ಆರ್ಗನ್. ಹಂಗಾಗಿ ಮಾಸ್ತರ್ರಿಗೆ ನಾನು ಹೇಳಿದ್ದು, ಕಲಿಸಲಿಕ್ಕೆ ಹಾಡಿನ ಸಾಲನ್ನು ಕೊಳಲಿಗೋ ಪಿಟೀಲಿಗೋ ಕೊಡ್ರಿ, ಅಲ್ಲಿ ಏರಿಳಿತ ಕೇಳ್ತದೆ. ಹಾರ್ಮೋನಿಯಂ ನಿಮ್ಮ ಕೈಯಲ್ಲೇ ಇರಲಿ ಅಂತ.

ಬಣ್ಣ ಬೇರೆ, ಖಾರ ಬೇರೆ

ಈಗ ಬರೋದು ನನಗೆ ಈ ಮೂರು ವಾರದಲ್ಲಿ ಬಹಳ ಹಿಡಿಸಿದ ವಿಷಯ.

ನಮ್ಮ ಹಾವೇರಿ ಜಿಲ್ಲೆಯವರಿಗೆ ಬ್ಯಾಡಗಿ ಮೆಣಸಿನಕಾಯಿ ಗೊತ್ತು. ನೋಡಿದರೆ ಕಡುಗೆಂಪು, ತಿಂದರೆ ಅಷ್ಟು ಖಾರ ಇಲ್ಲ. ಬಣ್ಣ ನೋಡಿ ಖಾರ ಹೇಳಲಿಕ್ಕೆ ಬರೋದಿಲ್ಲ, ಎರಡಕ್ಕೂ ಬೇರೆ ಬೇರೆ ಅಳತೆ. ಸಂಗೀತದಲ್ಲೂ ಹಂಗೇ. ಶಬ್ದ ಎಷ್ಟು ಜೋರು ಅನ್ನೋದು ಒಂದು ಅಳತೆ, ದನಿಯ ಬಣ್ಣ ಯಾವುದು ಅನ್ನೋದು ಇನ್ನೊಂದು.

ಗಂಗೂಬಾಯಿ ಹಾನಗಲ್ ಅವರನ್ನು ನೆನಪು ಮಾಡ್ಕೊಳ್ರಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹೆಸರಿನಲ್ಲಿ ನಮ್ಮ ಹಾನಗಲ್ಲನ್ನು ಇಟ್ಟುಕೊಂಡು ಲೋಕಕ್ಕೆಲ್ಲ ಕೇಳಿಸಿದವರು. ಗಂಟಲಿನ ಶಸ್ತ್ರಚಿಕಿತ್ಸೆ ಆದ ಮೇಲೆ ಅವರ ದನಿ ಗಡುಸಾಯಿತು, ಆ ಗಡಸುತನವನ್ನೇ ಅವರು ತಮ್ಮ ಹಾಡಿಕೆಯ ಬಲ ಮಾಡಿಕೊಂಡರು. ಈಗ ಒಂದು ಪ್ರಯೋಗ ಮಾಡಿ. ಅವರ ಯಾವುದಾದರೂ ರೆಕಾರ್ಡು ಹಾಕಿ, ಮೊಬೈಲಿನ ಶಬ್ದವನ್ನು ಕೊನೆಯ ಒಂದು ಗೆರೆಗೆ ಇಳಿಸಿ. ಶಬ್ದ ಸಣ್ಣದಾಯ್ತು. ಆದರೆ ಅವರು ತುಂಬು ಗಂಟಲಲ್ಲಿ ಹಾಡ್ತಿದ್ದಾರೆ ಅನ್ನೋದು ಗೊತ್ತಾಗದೇ ಇರ್ತದಾ? ಗೊತ್ತಾಗ್ತದೆ. ಇನ್ನೊಂದು ಕಡೆ ಯಾರೋ ಪಿಸುಗುಟ್ಟಿದ್ದನ್ನು ಮೈಕಿನಲ್ಲಿ ಹಿಡಿದು ಪೂರ್ತಿ ಶಬ್ದದಲ್ಲಿ ಹಾಕಿದರೂ ಅದು ಪಿಸುಮಾತು ಅಂತಲೇ ಕೇಳ್ತದೆ.

ಅಂದರೆ ಜೋರು ಅನ್ನೋದು ಬರೀ ಶಬ್ದದ ಪ್ರಮಾಣ ಅಲ್ಲ. ಬಲವಾಗಿ ನುಡಿಸಿದಾಗ ಮೇಲಿನ ಉಪಸ್ವರಗಳು ಹೆಚ್ಚಾಗಿ ದನಿ ಹೊಳಪಾಗ್ತದೆ, ಸ್ವರದ ಹೊಡೆತ ಚುರುಕಾಗ್ತದೆ. ಒಳ್ಳೆಯ ಧ್ವನಿ ಸಂಗ್ರಹ ಮಾಡುವವರು ಒಂದೇ ಸ್ವರವನ್ನು ಮೆತ್ತಗೆ ಒಮ್ಮೆ, ಸಾಧಾರಣವಾಗಿ ಒಮ್ಮೆ, ಜೋರಾಗಿ ಒಮ್ಮೆ ನುಡಿಸಿ ರೆಕಾರ್ಡು ಮಾಡ್ತಾರೆ. ಪಿ ಬಂದಾಗ ಮೊದಲನೆಯದು, ಎಫ್ ಬಂದಾಗ ಮೂರನೆಯದು ಹೊರಗೆ ಬರ್ತದೆ. ಗಾತ್ರದಲ್ಲಿ ಸಣ್ಣ ಸೌಂಡ್‌ಫಾಂಟ್‌ಗಳಲ್ಲಿ ಹೆಚ್ಚಾಗಿ ಒಂದೇ ರೆಕಾರ್ಡು. ಎಫ್ ಅಂದರೆ ಅದನ್ನೇ ಜೋರು ಮಾಡ್ತಾರೆ, ಪಿ ಅಂದರೆ ಅದನ್ನೇ ಸಣ್ಣ ಮಾಡ್ತಾರೆ. ಬಣ್ಣ ಅದೇ. ಕಿವಿಗೆ 'ಎಲ್ಲಾ ಒಂದೇ ಸಮ' ಅನ್ನಿಸೋದಕ್ಕೆ ಅರ್ಧ ಕಾರಣ ಇದು. 2022ರ ಡಿಸೆಂಬರಿನಲ್ಲಿ ಬಂದ ಮ್ಯೂಸ್‌ಸ್ಕೋರ್ 4ರ ಜೊತೆ ಮ್ಯೂಸ್ ಸೌಂಡ್ಸ್ ಅನ್ನೋ ದೊಡ್ಡ ಧ್ವನಿ ಸಂಗ್ರಹವನ್ನೂ ಉಚಿತವಾಗಿ ಕೊಟ್ಟಿದ್ದಾರೆ. ಅದರಲ್ಲಿ ಗುರುತಿಗೆ ತಕ್ಕಂತೆ ಬಣ್ಣವೂ ಬದಲಾಗ್ತದೆ. ಆದರೆ ಡೌನ್‌ಲೋಡ್ ದೊಡ್ಡದು, ಹಳೆಯ ಲ್ಯಾಪ್‌ಟಾಪ್ ತಿಣುಕ್ತದೆ. ಹಳ್ಳಿ ಶಾಲೆಗೆ ಇದು ಸಣ್ಣ ಮಾತಲ್ಲ.

ಯಾರಿಗೆ ಇದು ನಿಜವಾಗಿ ಬೇಕು?

ಕೆಲವರು ಕೇಳಬಹುದು: ನಾವು ಕೇಳಿ ಕಲಿಯೋ ಜನ, ಈ ಇಟಾಲಿಯನ್ ಅಕ್ಷರ ನಮಗ್ಯಾಕೆ ಅಂತ. ನ್ಯಾಯವಾದ ಪ್ರಶ್ನೆ.

ಇದು ನಮಗೆ ತೀರಾ ಹೊರಗಿನದೂ ಅಲ್ಲ. ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಕಲಿತವರು. ರಷ್ಯಾದ ಸಂಗೀತಕಾರ ಮೆಟ್ನರ್ ಅವರ ಕೃತಿಗಳ ರೆಕಾರ್ಡಿಂಗಿಗೆ ಹಣ ಕೊಟ್ಟವರು ಅವರೇ. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿದ್ದು ಕೂಡ ಈ ಮಹಾರಾಜರು ಖರ್ಚಿಗೆ ನಿಂತಿದ್ದರಿಂದ. ಅಂಥ ವಾದ್ಯವೃಂದದಲ್ಲಿ ಹತ್ತಾರು ಜನ ಒಟ್ಟಿಗೆ ನುಡಿಸಬೇಕು, ಎಲ್ಲರೂ ಒಂದೇ ಜಾಗದಲ್ಲಿ ಮೆತ್ತಗಾಗಬೇಕು. ಅಲ್ಲಿ ಗುರುತು ಇಲ್ಲದೇ ಕೆಲಸ ಆಗೋದಿಲ್ಲ. ನಮ್ಮ ಶಾಲೆಯ ಪ್ರಾರ್ಥನೆಯೂ ಒಂದು ವೃಂದಗಾನವೇ ತಾನೆ?

ಇನ್ನೊಂದು ಕಾರಣ ನಮ್ಮ ತಾಲ್ಲೂಕಿಗೇ ಹತ್ತಿರದ್ದು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಇಬ್ಬರೂ ಹಾನಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಹುಟ್ಟಿದವರು. ಇಬ್ಬರಿಗೂ ಕಣ್ಣಿರಲಿಲ್ಲ. ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಆ ಆಶ್ರಮ ಸಂಗೀತ ಕೊಟ್ಟಿದೆ. ಇವತ್ತು ಅಂಥ ಒಬ್ಬ ಹುಡುಗ ಈ ತಂತ್ರಾಂಶ ಬಳಸಬಹುದು, ತೆರೆಯನ್ನು ಓದಿ ಹೇಳುವ ಎನ್‌ವಿಡಿಎ ಅದರ ಜೊತೆ ಕೆಲಸ ಮಾಡ್ತದೆ, ಈಗಿನ ಆವೃತ್ತಿಯಲ್ಲಿ ಬ್ರೈಲ್ ಸಂಗೀತಲಿಪಿಯೂ ಇದೆ. ಕಣ್ಣಿದ್ದವರು ಹಾಳೆ ನೋಡಿ, ಇಲ್ಲಿ ಪಿ ಇದೆ, ಯಂತ್ರ ಸರಿಯಾಗಿ ನುಡಿಸಲಿಲ್ಲ ಅಂತ ತಿದ್ದಿಕೊಳ್ತೀವಿ. ಕಿವಿಯಿಂದಲೇ ಕಲಿಯುವವನಿಗೆ ಯಂತ್ರ ನುಡಿಸಿದ್ದೇ ಹಾಳೆ. ಅದು ಒಂದೇ ಸಮ ನುಡಿಸಿದರೆ ಅವನಿಗೆ ಸಿಕ್ಕ ಪಾಠವೇ ಒಂದೇ ಸಮ.

ಮೂರನೆಯದು, ಕಡತ ಉಳಿಯೋ ಪ್ರಶ್ನೆ. ಫಿನಾಲೆ ಅನ್ನೋ ತಂತ್ರಾಂಶ 35 ವರ್ಷ ನಡೆದು, 2024ರ ಆಗಸ್ಟಿನಲ್ಲಿ ಇನ್ನು ಮುಂದೆ ಅಭಿವೃದ್ಧಿ ಇಲ್ಲ ಅಂತ ಕಂಪನಿಯೇ ಹೇಳಿತು. ಅದರಲ್ಲಿ ಕೆಲಸ ಮಾಡಿಟ್ಟವರು ಮ್ಯೂಸಿಕ್‌ಎಕ್ಸ್‌ಎಂಎಲ್ ಅನ್ನೋ ಸಾಮಾನ್ಯ ರೂಪಕ್ಕೆ ಬದಲಿಸಿ ಬೇರೆಡೆ ಒಯ್ಯಬೇಕು. ಆಗ ಎಫ್, ಪಿ ಅನ್ನೋ ಗುರುತು ಜೊತೆಗೆ ಹೋಗ್ತದೆ. ಆದರೆ ಹೊಸ ಮನೆಯಲ್ಲಿ ಎಫ್ ಅಂದರೆ ಎಷ್ಟು ಅನ್ನೋದನ್ನು ಆ ಮನೆಯ ಯಜಮಾನನೇ ತೀರ್ಮಾನಿಸ್ತಾನೆ. ಅದಕ್ಕೇ ಗುರುತು ಹಾಕದೇ ಬರೀ ಸ್ವರ ಸ್ವರದ ವೆಲಾಸಿಟಿ ತಿರುಚಿ ಹಾಡು ಚಂದ ಮಾಡಿಕೊಂಡರೆ ಆ ಶ್ರಮ ದಾರಿಯಲ್ಲೇ ಉದುರಿಹೋಗಬಹುದು. ಮೊದಲು ಮನುಷ್ಯ ಓದುವ ಗುರುತು, ಆಮೇಲೆ ಯಂತ್ರದ ಅಂಕಿ. ಈ ಕ್ರಮ ತಪ್ಪಿಸಬೇಡಿ.

ಮಾಸ್ತರ್ರಿಗೆ ಹೇಳಿದ್ದು

ಅವರ ಜೊತೆ ಫೋನಿನಲ್ಲಿ ಒಂದು ತಾಸು ಮಾತಾಡಿದೆ. ಕುವೆಂಪು ಅವರ ನಾಡಗೀತೆಗೆ ಮೈಸೂರು ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡಿನ ಅವಧಿ ಅಂತ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿದೆ. ಧಾಟಿಗೆ, ಸಮಯಕ್ಕೆ ಆದೇಶ ಬರ್ತದೆ. ಯಾವ ಸಾಲು ಮೆತ್ತಗೆ, ಯಾವ ಸಾಲು ತುಂಬುದನಿ ಅನ್ನೋದು ಕಲಿಸುವವರ ಕೈಯಲ್ಲೇ ಇರೋದು.

ನಾವು ಮಾಡಿದ್ದು ಇಷ್ಟು. ಒಂದು, ಹಾಡಿನ ಶುರುವಿಗೇ ಎಂಪಿ ಹಾಕಿದೆವು. 80ರಿಂದ 64ಕ್ಕೆ ಇಳಿಯಿತು, ಮೇಲೆ ಹೋಗಲಿಕ್ಕೆ ಜಾಗ ಆಯ್ತು. ಎರಡು, ಎಫ್ ಅನ್ನು ಎರಡೇ ಎರಡು ಜಾಗಕ್ಕೆ ಉಳಿಸಿಕೊಂಡೆವು. ಮೂರು, ತಾಳವಾದ್ಯಕ್ಕೆ ಎಲ್ಲಾ ಕಡೆ ಹಾಡಿಗಿಂತ ಒಂದು ಮೆಟ್ಟಿಲು ಕಡಿಮೆ. ನಾಲ್ಕು, ಪಿಪಿ ಎಲ್ಲೂ ಬಳಸಲಿಲ್ಲ. ಸಣ್ಣ ಸ್ಪೀಕರಿನಲ್ಲಿ, ಬಯಲಿನಲ್ಲಿ ಅದು ಕೇಳೋದೇ ಇಲ್ಲ, ಹಾಡು ನಿಂತೇಹೋಯ್ತು ಅಂತ ಮಕ್ಕಳು ಗಾಬರಿಯಾಗ್ತಾರೆ.

ಐದನೆಯದು ನಾನು ಹೇಳಿದ್ದಲ್ಲ, ಅವರೇ ಕಂಡುಕೊಂಡಿದ್ದು. ಸ್ಪೀಕರನ್ನು ಮೈದಾನದಿಂದ ತೆಗೆದು ತರಗತಿಗೆ ಒಯ್ದರು. ಒಳಗೆ ಕೂತು ಯಂತ್ರ ಕೇಳೋದು, ಹೊರಗೆ ಬಂದು ಯಂತ್ರ ಇಲ್ಲದೇ ಹಾಡೋದು. "ಮಿಷನ್ನಿನ ಮ್ಯಾಲ ಹಾಡಾಕ ಹೋದ್ರ ಹುಡುಗೂರು ಅದನ್ನ ಗೆಲ್ಲಾಕ ನೋಡತಾವು, ಅದಕ್ಕ ಒದರತಾವು," ಅಂದರು. ಮೆತ್ತಗಿನ ಸಾಲನ್ನು ಹಿಂದೆ ಹೋಗಿದ್ದ ಆ ಇಬ್ಬರು ಹುಡುಗಿಯರಿಗೇ ಕೊಟ್ಟಿದ್ದಾರಂತೆ. ಅವರು ಶುರು ಮಾಡ್ತಾರೆ, ಉಳಿದವರು ಕೂಡಿಕೊಳ್ತಾರೆ. ಪಿ ಅನ್ನೋ ಗುರುತಿಗೆ ಇದಕ್ಕಿಂತ ಒಳ್ಳೆಯ ಪ್ಲೇಬ್ಯಾಕ್ ನನಗೆ ತೋಚೋದಿಲ್ಲ.

ಕೊನೆಗೆ ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಊರಿನಲ್ಲಿ ಸೋಬಾನ ಪದ, ಬೀಸುವ ಪದ, ಭಜನೆ ಪದ ಹಾಡುವ ಹಿರಿಯರು ಇದ್ದರೆ, ಅದನ್ನು ಯಾರಾದರೂ ಸ್ವರ ಹಾಕಿ ಕಂಪ್ಯೂಟರಿಗೆ ಏರಿಸ್ತಿದ್ದರೆ, ಸ್ವರ ಬರೆದು ನಿಲ್ಲಿಸಬೇಡಿ. ಅಜ್ಜಿ ಎಲ್ಲಿ ದನಿ ತಗ್ಗಿಸಿದಳು, ಎಲ್ಲಿ ತುಂಬಿ ಹಾಡಿದಳು, ಅದನ್ನೂ ಗುರುತು ಮಾಡಿ. ಅಕ್ಷರ ಇಟಾಲಿಯನ್ ಆದರೇನು, ದನಿ ನಮ್ಮದೇ. ಸಾಧ್ಯ ಆದರೆ ಆ ಹಾಡಿನ ರೆಕಾರ್ಡನ್ನೂ ಅದೇ ಫೋಲ್ಡರಿನಲ್ಲಿ ಇಡಿ. ಗುರುತು ಎಷ್ಟು ಮೆತ್ತಗೆ ಅಂತ ಮುಂದಿನವರಿಗೆ ಅನುಮಾನ ಬಂದರೆ ಕೇಳಿ ನೋಡಲಿಕ್ಕೆ ಆಕೆಯ ದನಿ ಇರಬೇಕು.

ಮುಂದಿನ ಸಂಚಿಕೆಯಲ್ಲಿ ಇದರದೇ ಇನ್ನೊಂದು ತುದಿ ಹಿಡಿಯೋಣ: ಲಯ. ಯಂತ್ರ ಯಾಕೆ ಉಸಿರಾಡೋದಿಲ್ಲ, ಅದಕ್ಕೆ ಉಸಿರಾಡಲಿಕ್ಕೆ ಕಲಿಸಬಹುದಾ ಅಂತ. ನಿಮ್ಮ ಪ್ರಶ್ನೆ, ಧ್ವನಿ ಸಂದೇಶ ಕಳಿಸ್ತಾ ಇರ್ರಿ.